ಟೈಟಾನಿಕ್ ಸಿನಿಮಾ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯುವುದು ಹೇಗೆ

ಟೈಟಾನಿಕ್ ಸಿನಿಮಾ ಬಗ್ಗೆ ಏನೂ ಹೇಳಲಿಕ್ಕಿಲ್ಲ ಅನ್ನುವವರು ಸಿಗುವುದು ಅಪರೂಪ. 1997ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು, ಮರುವರ್ಷ ನಮ್ಮ ಥಿಯೇಟರುಗಳಿಗೆ ಬಂತು, ಆಮೇಲೆ ಟಿವಿಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಜನ ಬರೆದಿದ್ದನ್ನು ಓದುತ್ತಾ ಹೋದರೆ ಸಿಗುವುದು ನಾಲ್ಕೇ ಮಾತು. ಅತ್ತುಬಿಟ್ಟೆ. ತುಂಬಾ ಉದ್ದ. ಹಡಗು ಮುಳುಗುವುದು ಸೂಪರ್, ಲವ್ ಸ್ಟೋರಿ ಸಪ್ಪೆ. ಆ ಬಾಗಿಲ ಮೇಲೆ ಇಬ್ಬರಿಗೂ ಜಾಗ ಇತ್ತು.

ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ಏನು ನೋಡಿದಿರಿ ಅನ್ನುವುದು ಓದುವವರಿಗೆ ತಿಳಿಯುವುದೇ ಇಲ್ಲ. ಇಷ್ಟು ಜನ ನೋಡಿ, ಇಷ್ಟು ಜಗಳ ಆಡಿ, ಇಷ್ಟು ಕಣ್ಣೀರು ಹಾಕಿದ ಸಿನಿಮಾ ಬಗ್ಗೆ ಇನ್ನೂ ಹೇಳುವುದು ತುಂಬಾ ಇದೆ. ಅದನ್ನು ಹೇಳಲು ಸಿನಿಮಾ ಪಂಡಿತರಾಗಬೇಕಿಲ್ಲ. ನಿಮ್ಮ ಮಾತನ್ನು ಒಂದು ಸೀನಿಗೆ ಕಟ್ಟಬೇಕು, ಅಷ್ಟೇ. ಹೇಗೆ ಅಂತ ಹೇಳುತ್ತೇನೆ.

ಯಾವ ಪ್ರತಿ ನೋಡಿದಿರಿ, ಮೊದಲು ಅದನ್ನು ಹೇಳಿ

ಸಿನಿಮಾದ ಪೂರ್ತಿ ಉದ್ದ ಮೂರು ಗಂಟೆ ಹದಿನಾಲ್ಕು ನಿಮಿಷದ ಹತ್ತಿರ. ಟಿವಿಯಲ್ಲಿ ಕತ್ತರಿ ಹಾಕಿದ್ದನ್ನು, ನಡುನಡುವೆ ಜಾಹೀರಾತಿನ ಜೊತೆ ನೋಡಿದವರಿಗೂ, ಥಿಯೇಟರಿನ ಕತ್ತಲಲ್ಲಿ ಒಂದೇ ಸಮ ಕೂತು ನೋಡಿದವರಿಗೂ ಆಗುವ ಅನುಭವ ಒಂದೇ ಅಲ್ಲ. ಮೊಬೈಲಿನಲ್ಲಿ ನೋಡಿದವರಿಗೆ ಹಡಗಿನ ಹಿಂಭಾಗ ಆಕಾಶಕ್ಕೆ ಎದ್ದು ನಿಲ್ಲುವ ಸೀನ್ ಬೆರಳಗಲ ಕಾಣುತ್ತದೆ. ಅಂಥವರು ಗ್ರಾಫಿಕ್ಸ್ ಹಳೆಯದಾಯಿತು ಅಂತ ಬರೆದರೆ ಓದುವವರು ಹೇಗೆ ನಂಬಬೇಕು? ಡಬ್ಬಿಂಗಿನಲ್ಲಿ ನೋಡಿ ಡೈಲಾಗ್ ಸಪ್ಪೆ ಅನ್ನುವುದೂ ಹಾಗೇ. ಅದು ಬರೆದವರ ತಪ್ಪೋ, ಡಬ್ ಮಾಡಿದವರ ತಪ್ಪೋ, ಹೇಳಲಾಗದು.

ಜೊತೆಗೆ ಈ ಸಿನಿಮಾ ಮೂರು ಆಯಾಮದ ಪ್ರತಿಯಾಗಿ 2012ರಲ್ಲಿ ಮತ್ತೆ ಥಿಯೇಟರಿಗೆ ಬಂತು, 2023ರಲ್ಲಿ ಇನ್ನೊಮ್ಮೆ ಬಂತು. 2012ರ ಪ್ರತಿಯಲ್ಲಿ ಆಕಾಶವೇ ಬದಲಾಗಿದೆ. ಇದರ ಹಿಂದಿನ ಕಥೆ ನಿಮ್ಮ ಬರವಣಿಗೆಗೆ ನೇರವಾಗಿ ಉಪಯೋಗ ಆಗುತ್ತದೆ, ಕೇಳಿ. ಹಡಗು ಮುಳುಗಿದ ಮೇಲೆ ಹೀರೋಯಿನ್ ರೋಸ್ ಹಲಗೆಯ ಮೇಲೆ ಮಲಗಿ ಆಕಾಶ ನೋಡುತ್ತಾಳೆ. ಅಲ್ಲಿ ಕಾಣುವ ನಕ್ಷತ್ರಗಳು ಆ ಜಾಗಕ್ಕೆ, ಆ ರಾತ್ರಿಗೆ, ಆ ಹೊತ್ತಿಗೆ ಹೊಂದುವುದಿಲ್ಲ ಅಂತ ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಆಕ್ಷೇಪ ತೆಗೆದರು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಒಪ್ಪಿಕೊಂಡು ಮರುಬಿಡುಗಡೆಯಲ್ಲಿ ಆಕಾಶವನ್ನು ತಿದ್ದಿದರು. ಅಷ್ಟು ದೊಡ್ಡ ಸಿನಿಮಾವನ್ನು ಒಬ್ಬ ನೋಡುಗನ ಮಾತು ಬದಲಾಯಿಸಿತು ಅಂದರೆ ಅದಕ್ಕೆ ಕಾರಣ ಆ ಮಾತು ಖಚಿತವಾಗಿತ್ತು. ಯಾವ ಸೀನ್, ಏನು ತಪ್ಪು, ಯಾಕೆ ತಪ್ಪು, ಮೂರೂ ಅದರಲ್ಲಿದ್ದವು. ಸುಮ್ನೆ "ವಿವರಗಳ ಕಡೆ ಗಮನ ಕೊಟ್ಟಿಲ್ಲ" ಅಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಒಂದು ಸಾಲನ್ನು ತಿದ್ದಿ ನೋಡೋಣ

"ಫಸ್ಟ್ ಹಾಫ್ ಬೋರ್, ಸೆಕೆಂಡ್ ಹಾಫ್ ಬೆಂಕಿ." ನಮ್ಮವರು ಅತಿ ಹೆಚ್ಚು ಬರೆಯುವ ಸಾಲು ಇದು. ಅದಕ್ಕೆ ಕಾರಣವೂ ಇದೆ. ಹಾಲಿವುಡ್ ಸಿನಿಮಾಗಳಿಗೆ ಇಂಟರ್‌ವಲ್ ಇರುವುದಿಲ್ಲ, ನಮ್ಮ ಥಿಯೇಟರಿನವರು ಮಧ್ಯದಲ್ಲಿ ನಿಲ್ಲಿಸಿ ಲೈಟ್ ಹಾಕುತ್ತಾರೆ. ಹಡಗು ಮಂಜುಗಡ್ಡೆಗೆ ಬಡಿಯುವುದೇ ಒಂದೂವರೆ ಗಂಟೆ ದಾಟಿದ ಮೇಲೆ. ಹಾಗಾಗಿ ಸಿನಿಮಾ ಎರಡು ಹೋಳಾಗಿ ನೆನಪಿನಲ್ಲಿ ಉಳಿಯುತ್ತದೆ, ಒಂದು ಪ್ರೀತಿ, ಇನ್ನೊಂದು ಮುಳುಗಡೆ.

ಸರಿ, ಬೋರ್ ಆಗಿದ್ದು ಎಲ್ಲಿ? ಅದನ್ನು ನಿಮ್ಮನ್ನೇ ಕೇಳಿಕೊಳ್ಳಿ. ನಿಧಿ ಹುಡುಕುವವರು ನೀರಿನಡಿ ತಿರುಗಾಡುವ ಶುರುವಿನ ಭಾಗವೇ? ಫಸ್ಟ್ ಕ್ಲಾಸಿನ ಊಟದ ಮೇಜೇ? ಹೀರೋ ಜ್ಯಾಕ್ ಡೆಕ್ ಮೇಲೆ ರೋಸ್‌ಗೆ ಉಗುಳುವುದು ಕಲಿಸುವುದೇ? ಯಾವುದಾದರೂ ಒಂದನ್ನು ಹಿಡಿಯಿರಿ. "ಊಟದ ಮೇಜಿನಲ್ಲಿ ಶ್ರೀಮಂತರೆಲ್ಲ ಒಂದೇ ಥರ ಮೂಗು ಮುರಿಯುತ್ತಾರೆ, ಅವರಲ್ಲಿ ಒಬ್ಬರೂ ಮನುಷ್ಯರ ಹಾಗೆ ಕಾಣುವುದಿಲ್ಲ, ಮೋಲಿ ಬ್ರೌನ್ ಒಬ್ಬಳನ್ನು ಬಿಟ್ಟು" ಅಂತ ಬರೆದರೆ ಅದು ಅಭಿಪ್ರಾಯ ಆಯಿತು. ಯಾರಾದರೂ ಒಪ್ಪಬಹುದು, ಜಗಳಕ್ಕೂ ಬರಬಹುದು. ಬರೀ ಬೋರ್ ಅಂದರೆ ಅದಕ್ಕೆ ಉತ್ತರ ಕೊಡುವುದಾದರೂ ಹೇಗೆ?

ನನ್ನ ಮಾತು ಕೇಳಿದರೆ, ಆ ಮೊದಲ ಭಾಗ ಇಲ್ಲದೆ ಎರಡನೆಯದು ನಿಲ್ಲುವುದೇ ಇಲ್ಲ. ಕ್ಯಾಮರೂನ್ ಅಲ್ಲಿ ಮಾಡಿರುವ ಕೆಲಸ ಪ್ರೀತಿ ತೋರಿಸುವುದಷ್ಟೇ ಅಲ್ಲ, ನಮಗೆ ಹಡಗನ್ನು ಪರಿಚಯ ಮಾಡಿಸುವುದು. ಶುರುವಿನಲ್ಲಿ ಮುದುಕಿ ರೋಸ್‌ಗೆ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ, ನೆನಪಿದೆಯಾ? ಹಡಗಿಗೆ ಎಲ್ಲಿ ಪೆಟ್ಟು ಬಿತ್ತು, ನೀರು ಒಂದು ಕೋಣೆ ತುಂಬಿ ಇನ್ನೊಂದಕ್ಕೆ ಹೇಗೆ ಹರಿಯಿತು, ಹಿಂಭಾಗ ಹೇಗೆ ಮೇಲೆದ್ದಿತು, ಹೇಗೆ ಮುರಿಯಿತು, ಎಲ್ಲ ಒಂದೆರಡು ನಿಮಿಷದಲ್ಲಿ. ಆಗ ಅದು ಬರೀ ಪಾಠದಂತೆ ಕಾಣುತ್ತದೆ. ಆದರೆ ಎರಡು ಗಂಟೆ ಕಳೆದು ನಿಜವಾಗಿ ಹಡಗು ಮುಳುಗುವಾಗ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ, ಮುಂದೆ ಏನಾಗುತ್ತದೆ ಅಂತ ನಮಗೆ ಗೊತ್ತು, ಹಡಗಿನಲ್ಲಿ ಇರುವವರಿಗೆ ಗೊತ್ತಿಲ್ಲ, ಹೊಟ್ಟೆಯಲ್ಲಿ ಸಂಕಟ ಆಗುವುದು ಅದಕ್ಕೇ.

ಲೈಫ್‌ಬೋಟ್ ವಿಷಯವೂ ಹಾಗೇ. ಹಡಗಿನ ವಿನ್ಯಾಸಕಾರ ಥಾಮಸ್ ಆಂಡ್ರ್ಯೂಸ್ ಜೊತೆ ಡೆಕ್ ಮೇಲೆ ನಡೆಯುತ್ತಾ ರೋಸ್ ಮನಸ್ಸಿನಲ್ಲೇ ಗುಣಾಕಾರ ಮಾಡಿ, ಇಷ್ಟು ದೋಣಿ ಎಲ್ಲರಿಗೂ ಸಾಲುವುದಿಲ್ಲ ಅಲ್ವಾ ಅಂತ ಕೇಳುತ್ತಾಳೆ. ಸುಮ್ಮನೆ ಹೋಗುವ ಮಾತು, ಹಗಲು, ಬಿಸಿಲು, ಯಾರಿಗೂ ಗಾಬರಿಯಿಲ್ಲ. ಡಿಕ್ಕಿ ಆದ ಮೇಲೆ ಅದೇ ಆಂಡ್ರ್ಯೂಸ್ ಬಂದು ದೋಣಿ ಬಗ್ಗೆ ನಾನು ಹೇಳಿದ್ದು ನೆನಪಿದೆಯಲ್ಲ ಅಂತ ಕೇಳುವಾಗ ರೋಸ್‌ಗೆ ಬೇರೆ ಏನೂ ಹೇಳಬೇಕಾಗುವುದಿಲ್ಲ, ನಮಗೂ ಅಷ್ಟೇ. ಹಡಗಿನಲ್ಲಿ ಇದ್ದವರು 2,200ಕ್ಕೂ ಜಾಸ್ತಿ. 20 ದೋಣಿಗಳಲ್ಲಿ ಹಿಡಿಸುತ್ತಿದ್ದದ್ದು 1,178 ಜನ. ಆಗಿನ ಬ್ರಿಟಿಷ್ ನಿಯಮಕ್ಕೆ ಅಷ್ಟು ದೋಣಿ ಇದ್ದದ್ದೇ ಜಾಸ್ತಿ ಆಗಿತ್ತು, ಯಾಕೆಂದರೆ ಆ ನಿಯಮ ಜನರನ್ನು ಎಣಿಸದೆ ಹಡಗಿನ ಗಾತ್ರವನ್ನು ನೋಡುತ್ತಿತ್ತು. ಹೀಗೆ ಮೊದಲ ಭಾಗದ ಒಂದು ಸೀನನ್ನು ಎರಡನೇ ಭಾಗದ ಒಂದು ಸೀನಿಗೆ ಜೋಡಿಸಿ ನೋಡಿ. ಜೋಡಣೆ ಸರಿ ಕೂತಿದೆ ಅನಿಸಿದರೂ ಬರೆಯಿರಿ, ಕೂತಿಲ್ಲ ಅನಿಸಿದರೂ ಬರೆಯಿರಿ.

ಹತ್ತಿರದಿಂದ ನೋಡುವ ಅಭ್ಯಾಸ

ಅಳು ಬಂತು ಅಂತ ಬರೆಯುವುದಾದರೆ, ಎಲ್ಲಿ ಬಂತು ಅಂತಲೂ ಬರೆಯಿರಿ. ಹೆಚ್ಚಿನವರಿಗೆ ಜ್ಯಾಕ್ ನೀರಿನಲ್ಲಿ ಇಳಿದುಹೋಗುವಾಗ ಬರುತ್ತದೆ. ಆದರೆ ಎಷ್ಟೋ ಜನರಿಗೆ ಮಕ್ಕಳನ್ನು ಮಲಗಿಸಿ ಕಥೆ ಹೇಳುವ ಥರ್ಡ್ ಕ್ಲಾಸಿನ ತಾಯಿಯನ್ನು ನೋಡಿದಾಗ, ಅಥವಾ ಕೆಳಗೆ ನೀರು ಹರಿಯುತ್ತಿದ್ದರೂ ಮಂಚದ ಮೇಲೆ ಅಪ್ಪಿಕೊಂಡು ಮಲಗಿದ ಅಜ್ಜ ಅಜ್ಜಿಯನ್ನು ನೋಡಿದಾಗ ಗಂಟಲು ಕಟ್ಟುತ್ತದೆ. ಆ ಇಬ್ಬರು ನಿಜವಾಗಿ ಇದ್ದವರು, ಇಸಿಡೋರ್ ಮತ್ತು ಐಡಾ ಸ್ಟ್ರಾಸ್. ಇಸಿಡೋರ್ ನ್ಯೂಯಾರ್ಕಿನ ಮೇಸೀಸ್ ಅಂಗಡಿಯ ಮಾಲೀಕರಲ್ಲಿ ಒಬ್ಬರು. ದೋಣಿಯಲ್ಲಿ ಜಾಗ ಇದ್ದರೂ ಐಡಾ ಗಂಡನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಅವರನ್ನು ಕೊನೆಯದಾಗಿ ಜನ ನೋಡಿದ್ದು ಡೆಕ್ ಮೇಲೆ, ಕೋಣೆಯ ಮಂಚ ಸಿನಿಮಾದವರು ಸೇರಿಸಿದ್ದು.

ಇನ್ನೊಂದು ಸೀನ್ ಹೇಳುತ್ತೇನೆ, ಇದರ ಬಗ್ಗೆ ಯಾಕೋ ಕಡಿಮೆ ಜನ ಬರೆಯುತ್ತಾರೆ. ರೋಸ್‌ಳ ಸೊಂಟಕ್ಕೆ ಬಿಗಿಯುವ ಕಾರ್ಸೆಟ್‌ನ ದಾರವನ್ನು ಅವಳ ತಾಯಿ ರೂತ್ ಎಳೆಯುತ್ತಾಳೆ. ಕೆಲಸದ ಹುಡುಗಿಯನ್ನು ಹೊರಗೆ ಕಳಿಸಿ ತಾನೇ ಎಳೆಯುತ್ತಾಳೆ. ನಮ್ಮ ಹತ್ತಿರ ದುಡ್ಡಿಲ್ಲ, ಉಳಿದಿರುವುದು ಹೆಸರು ಮಾತ್ರ, ನಾನು ಬಟ್ಟೆ ಹೊಲಿದು ಬದುಕಬೇಕಾ ಅಂತ ಕೇಳುತ್ತಾ ದಾರ ಬಿಗಿ ಮಾಡುತ್ತಾಳೆ. ತಾಯಿಯ ಕಣ್ಣಲ್ಲಿ ನೀರಿದೆ, ಕೈ ಮಾತ್ರ ನಿಲ್ಲುವುದಿಲ್ಲ. ಮಗಳು ಕಂಬ ಹಿಡಿದು ನಿಂತಿದ್ದಾಳೆ. ಡೈಲಾಗ್ ಕೆಟ್ಟದಾಗಿದೆ ಅಂತ ಎಲ್ಲರೂ ಬೈಯುವ ಸಿನಿಮಾದಲ್ಲಿ, ಮಗಳ ಮದುವೆ ಅನ್ನುವುದು ಮನೆಯ ಸಾಲ ತೀರಿಸುವ ದಾರಿಯಾಗುವುದನ್ನು ಒಂದು ದಾರ ಎಳೆಯುವುದರಲ್ಲೇ ಹೇಳಿಬಿಟ್ಟಿದ್ದಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಅಮೆರಿಕದ ಇತಿಹಾಸ ಬೇಕಿಲ್ಲ, ಇಂಥ ಮನೆಗಳು ನಮ್ಮಲ್ಲೂ ಇವೆ.

ಶ್ರೀಮಂತ ಹುಡುಗಿ, ಬಡ ಹುಡುಗ, ನಮ್ಮ ಸಿನಿಮಾಗಳಲ್ಲಿ ನೂರು ಸಲ ಬಂದ ಕಥೆ ಅಂತ ಬರೆಯುವವರಿಗೆ ಒಂದು ಮಾತು. ನಿಜ, ಹಳೇ ಕಥೆಯೇ. ಹಾಗಿದ್ದರೆ ಏನು ಬೇರೆ ಇದೆ ಅಂತಲೂ ನೋಡಿ. ಇಲ್ಲಿ ಹೀರೋ ವಿಲನ್ನನ್ನು ಹೊಡೆದು ಗೆಲ್ಲುವುದಿಲ್ಲ. ಕೈಕೋಳ ಹಾಕಿಸಿಕೊಂಡು ಪೈಪಿಗೆ ಕಟ್ಟಿಹಾಕಿರುವ ಹೀರೋನನ್ನು ಬಿಡಿಸುವುದು ಹೀರೋಯಿನ್. ಸೊಂಟದವರೆಗಿನ ನೀರಿನಲ್ಲಿ ಕೊಡಲಿ ಹಿಡಿದು ಬರುತ್ತಾಳೆ. ಮೊದಲು ಅಲ್ಲಿರುವ ಮರದ ಬೀರು ಮೇಲೆ ಹೊಡೆದು ನೋಡು ಅಂತ ಜ್ಯಾಕ್ ಹೇಳುತ್ತಾನೆ. ಒಂದೇಟು ಹಾಕುತ್ತಾಳೆ. ಅದೇ ಜಾಗಕ್ಕೆ ಇನ್ನೊಂದು ಅಂದರೆ ಏಟು ಎಲ್ಲೋ ಬೀಳುತ್ತದೆ. ಸಾಕು ಅಭ್ಯಾಸ, ಹೊಡೆದುಬಿಡು ಅನ್ನುತ್ತಾನೆ, ಅವಳು ಕಣ್ಣು ಮುಚ್ಚಿ ಬೀಸುತ್ತಾಳೆ. ಥಿಯೇಟರಿನಲ್ಲಿ ಒಂದೇ ಗಳಿಗೆಯಲ್ಲಿ ನಗುವೂ ಉಸಿರು ಹಿಡಿದ ಸದ್ದೂ ಕೇಳುವ ಸೀನ್ ಇದು. ಕೇಟ್ ವಿನ್ಸ್ಲೆಟ್ ಹೇಗೆ ನಟಿಸಿದ್ದಾಳೆ ಅಂತ ಬರೆಯಬೇಕೆಂದಿದ್ದರೆ ಇಲ್ಲಿಂದ ಶುರು ಮಾಡಿ, ಹಡಗಿನ ತುದಿಯಲ್ಲಿ ಕೈ ಚಾಚಿ ನಿಂತ ಸೀನಿನಿಂದ ಬೇಡ. ಅದನ್ನು ಎಲ್ಲರೂ ಬರೆದಾಗಿದೆ.

ಇತಿಹಾಸ ತಪ್ಪು ಅನ್ನುವ ಮುಂಚೆ

ಇಲ್ಲಿ ಸ್ವಲ್ಪ ಹುಷಾರು. ಸಿನಿಮಾ ತಪ್ಪು ಮಾಡಿರುವ ಕಡೆಯೂ ಇದೆ, ಸರಿ ಇದ್ದರೂ ಜನ ತಪ್ಪು ಅನ್ನುವ ಕಡೆಯೂ ಇದೆ.

ಚಿಕ್ಕ ತಪ್ಪಿಗೆ ಒಂದು ಉದಾಹರಣೆ: ಚಿಕ್ಕವನಿದ್ದಾಗ ವಿಸೋಟಾ ಸರೋವರದ ಮಂಜಿನ ಮೇಲೆ ಮೀನು ಹಿಡಿಯಲು ಹೋಗಿದ್ದೆ ಅಂತ ಜ್ಯಾಕ್ ಹೇಳುತ್ತಾನೆ. ಆ ಸರೋವರ ಅಣೆಕಟ್ಟು ಕಟ್ಟಿ ಆಗಿದ್ದು, ಹಡಗು ಮುಳುಗಿದ 1912ರಲ್ಲಿ ಇರಲೇ ಇಲ್ಲ. ಇದನ್ನು ಹಿಡಿದು ಸಿನಿಮಾವನ್ನೇ ತಿರಸ್ಕರಿಸಬೇಡಿ, ಕಥೆಗೆ ಅದರಿಂದ ಏನೂ ಆಗುವುದಿಲ್ಲ.

ದೊಡ್ಡ ತಪ್ಪು ಬೇರೆ ಇದೆ. ಫಸ್ಟ್ ಆಫೀಸರ್ ವಿಲಿಯಂ ಮರ್ಡಾಕ್ ಪ್ರಯಾಣಿಕರ ಮೇಲೆ ಗುಂಡು ಹಾರಿಸಿ, ಆಮೇಲೆ ತಾನೂ ಗುಂಡು ಹಾರಿಸಿಕೊಂಡು ಸಾಯುವಂತೆ ತೋರಿಸಿದ್ದಾರೆ. ಯಾರೋ ಒಬ್ಬ ಅಧಿಕಾರಿ ಹಾಗೆ ಮಾಡಿದ ಅಂತ ಬದುಕುಳಿದ ಕೆಲವರು ಹೇಳಿದ್ದುಂಟು, ಆದರೆ ಅದು ಮರ್ಡಾಕ್ ಅನ್ನುವುದಕ್ಕೆ ಖಚಿತ ಆಧಾರವಿಲ್ಲ. ಸ್ಕಾಟ್ಲೆಂಡಿನ ಡಾಲ್‌ಬೀಟಿ ಅನ್ನುವ ಊರು ಅವರದು. ಊರಿನವರಿಗೂ ಮನೆಯವರಿಗೂ ತುಂಬಾ ನೋವಾಯಿತು. 1998ರಲ್ಲಿ ಸ್ಟುಡಿಯೋದ ಅಧಿಕಾರಿಯೊಬ್ಬರು ಆ ಊರಿಗೇ ಹೋಗಿ ಕ್ಷಮೆ ಕೇಳಿದರು, ಮರ್ಡಾಕ್ ನೆನಪಿನಲ್ಲಿ ಅಲ್ಲಿನ ಶಾಲೆಗೆ 5,000 ಪೌಂಡ್ ಕೊಟ್ಟರು. ನಿಜವಾಗಿ ಬದುಕಿದ್ದ ಮನುಷ್ಯನ ಹೆಸರು ಇಟ್ಟುಕೊಂಡು ಹೀಗೆ ಮಾಡಿದ್ದು ಸರಿಯಲ್ಲ ಅಂತ ನಾನು ಖಂಡಿತ ಹೇಳುತ್ತೇನೆ. ಸಿನಿಮಾವನ್ನು ಎಷ್ಟೇ ಮೆಚ್ಚಿದವರೂ ಇದನ್ನು ಮುಚ್ಚಿಡಬಾರದು.

ಇನ್ನು ಹಡಗು ಎರಡು ತುಂಡಾಗುವುದು ಬರೀ ಬಿಲ್ಡಪ್ ಅಂತ ಬರೆಯುವವರಿದ್ದಾರೆ. ಅದು ನಿಜವಾಗಿ ಆಗಿದ್ದು. 1912ರಲ್ಲೇ ಬದುಕುಳಿದ ಹಲವರು ಹಡಗು ಮುರಿದದ್ದನ್ನು ಕಣ್ಣಾರೆ ಕಂಡೆವು ಅಂದರು. ಬ್ರಿಟಿಷ್ ವಿಚಾರಣೆ ಅದನ್ನು ನಂಬಲಿಲ್ಲ, ಹಡಗು ಇಡಿಯಾಗಿ ಮುಳುಗಿತು ಅಂತಲೇ ತೀರ್ಮಾನ ಮಾಡಿತು. 1985ರಲ್ಲಿ ರಾಬರ್ಟ್ ಬಲ್ಲಾರ್ಡ್ ಮತ್ತು ಜ್ಯಾನ್ ಲೂಯಿ ಮಿಶೆಲ್ ಅವರ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಹಚ್ಚಿದಾಗ ಅದು ಎರಡು ತುಂಡಾಗಿ ಬಿದ್ದಿತ್ತು.

ಥರ್ಡ್ ಕ್ಲಾಸಿನವರನ್ನು ಗೇಟ್ ಹಾಕಿ ತಡೆದದ್ದರ ಬಗ್ಗೆ ಈಗಲೂ ವಾದ ನಡೆಯುತ್ತದೆ. ಸಿನಿಮಾದಲ್ಲಿ ತೋರಿಸಿದಷ್ಟು ಎಲ್ಲ ಕಡೆ ಬೀಗ ಇತ್ತಾ ಅಂತ ಕೇಳುವುದು ತಪ್ಪಲ್ಲ. ಆದರೆ ಫಲಿತಾಂಶ ಮಾತ್ರ ಕಣ್ಣ ಮುಂದಿದೆ: ಫಸ್ಟ್ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿದರು, ಥರ್ಡ್ ಕ್ಲಾಸಿನಲ್ಲಿ ಉಳಿದವರು ಸುಮಾರು ಕಾಲು ಭಾಗ. ಶ್ರೀಮಂತರನ್ನು ಸುಮ್ನೆ ಕೆಟ್ಟವರನ್ನಾಗಿ ಮಾಡಿದ್ದಾರೆ ಅಂತ ಬರೆಯುವ ಮುಂಚೆ ಈ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳಿ.

ಬಾಗಿಲ ವಿಷಯ

ಇದನ್ನು ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ಗೊತ್ತು. ಹಾಗಾದರೆ ಸರಿಯಾಗಿ ಬರೆಯೋಣ.

ಮೊದಲನೆಯದಾಗಿ, ಅದು ಪೂರ್ತಿ ಬಾಗಿಲಲ್ಲ. ಫಸ್ಟ್ ಕ್ಲಾಸ್ ಲೌಂಜಿನ ಬಾಗಿಲ ಮೇಲಿದ್ದ ಕೆತ್ತನೆಯ ಮರದ ತುಂಡೊಂದು ನಿಜವಾಗಿ ನೀರಿನಲ್ಲಿ ಸಿಕ್ಕಿತ್ತು, ಅದು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಮ್ಯೂಸಿಯಮ್ಮಿನಲ್ಲಿದೆ, ಸಿನಿಮಾದವರು ಅದನ್ನು ನೋಡಿಯೇ ಮಾಡಿದ್ದು. ಎರಡನೆಯದು, ಜಾಗ ಇತ್ತಾ ಅನ್ನುವ ಪ್ರಶ್ನೆಯೇ ಅಲ್ಲ. ಜ್ಯಾಕ್ ಹತ್ತಲು ನೋಡುತ್ತಾನೆ, ಹಲಗೆ ಮಗುಚುತ್ತದೆ, ಕೆಳಗಿಳಿಯುತ್ತಾನೆ. ಅದನ್ನು ಸಿನಿಮಾದಲ್ಲಿ ಸ್ಪಷ್ಟವಾಗಿ ತೋರಿಸಿದ್ದಾರೆ. ಜಾಗ ಎಷ್ಟಿದ್ದರೇನು, ಹಲಗೆ ಇಬ್ಬರನ್ನು ಹೊತ್ತು ತೇಲಬೇಕಲ್ಲ. ನೀರು ಮೈನಸ್ 2 ಡಿಗ್ರಿ, ಸಾಗರದ ಉಪ್ಪು ನೀರಾದ್ದರಿಂದ ಹೆಪ್ಪುಗಟ್ಟಿರಲಿಲ್ಲ, ಅಷ್ಟೇ. ಅದರಲ್ಲಿ ಬೆರಳು ಬೇಗ ಮರಗಟ್ಟುತ್ತದೆ.

2012ರಲ್ಲಿ ಅಮೆರಿಕದ ಮಿಥ್‌ಬಸ್ಟರ್ಸ್ ಟಿವಿ ಕಾರ್ಯಕ್ರಮದವರು ಲೈಫ್‌ಜಾಕೆಟ್ಟನ್ನು ಹಲಗೆಯ ಅಡಿಗೆ ಕಟ್ಟಿದ್ದರೆ ಇಬ್ಬರೂ ತೇಲಬಹುದಿತ್ತು ಅಂತ ಮಾಡಿ ತೋರಿಸಿದರು. 2023ರಲ್ಲಿ ಕ್ಯಾಮರೂನ್ ಅವರೇ ತಣ್ಣೀರಿನಲ್ಲಿ ಸ್ಟಂಟ್ ಮಾಡುವ ಇಬ್ಬರನ್ನು ಇಳಿಸಿ ಬೇರೆ ಬೇರೆ ಥರ ಪರೀಕ್ಷೆ ಮಾಡಿದರು. ಕೆಲವು ರೀತಿಯಲ್ಲಿ ಜ್ಯಾಕ್ ಸಾಯುತ್ತಿದ್ದ, ಒಂದರಲ್ಲಿ ಬಹುಶಃ ಉಳಿಯುತ್ತಿದ್ದ. ಆ ಹಲಗೆ 2024ರಲ್ಲಿ ಹರಾಜಿನಲ್ಲಿ ಏಳು ಲಕ್ಷ ಡಾಲರಿಗಿಂತ ಜಾಸ್ತಿಗೆ ಹೋಯಿತು. ನೋಡುಗರು ಒಂದು ಮರದ ತುಂಡಿನ ಬಗ್ಗೆ ಇಷ್ಟು ವರ್ಷ ವಾದ ಮಾಡುತ್ತಾರೆ ಅಂದರೆ ಅವರಿಗೆ ಆ ಹುಡುಗ ಬದುಕಬೇಕಿತ್ತು, ಅದೇ ಅದರ ಒಳಗಿನ ಮಾತು. ಹ್ಯಾಲಿಫ್ಯಾಕ್ಸ್‌ನಲ್ಲಿ ಟೈಟಾನಿಕ್‌ನವರನ್ನು ಮಣ್ಣು ಮಾಡಿದ ಸ್ಮಶಾನದಲ್ಲಿ "ಜೆ. ಡಾಸನ್" ಅಂತ ಒಂದು ಕಲ್ಲಿದೆ. ಅವರು ಹಡಗಿನ ಕೆಳಗೆ ಕಲ್ಲಿದ್ದಲು ಹೊರುತ್ತಿದ್ದ ಜೋಸೆಫ್ ಡಾಸನ್, ಸಿನಿಮಾದ ಜ್ಯಾಕ್ ಡಾಸನ್‌ಗೂ ಅವರಿಗೂ ಸಂಬಂಧವಿಲ್ಲ. ಆದರೂ ಸಿನಿಮಾ ನೋಡಿದವರು ಅಲ್ಲಿಗೆ ಹೋಗಿ ಹೂವಿಟ್ಟಿದ್ದಾರೆ.

ಆದ್ದರಿಂದ ಬಾಗಿಲ ಬಗ್ಗೆ ಬರೆಯುವುದಾದರೆ ಲೆಕ್ಕ ಬಿಟ್ಟು ಈ ಪ್ರಶ್ನೆಗೆ ಉತ್ತರ ಬರೆಯಿರಿ: ಜ್ಯಾಕ್ ಉಳಿದಿದ್ದರೆ ಕಥೆ ಏನಾಗುತ್ತಿತ್ತು? ನನ್ನ ಉತ್ತರ ಕೊನೆಯಲ್ಲಿ ಬರುವ ಫೋಟೋಗಳಲ್ಲಿದೆ. ಮುದುಕಿ ರೋಸ್‌ಳ ಹಾಸಿಗೆ ಪಕ್ಕ ಸಾಲಾಗಿ ಇಟ್ಟಿದ್ದಾಳೆ. ಕುದುರೆಯ ಮೇಲೆ ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತ ಫೋಟೋ, ವಿಮಾನದ ಪಕ್ಕ ನಿಂತ ಫೋಟೋ. ಕುದುರೆ ಹಾಗೆ ಹತ್ತುವುದನ್ನು ಕಲಿಸುತ್ತೇನೆ ಅಂತ ಡೆಕ್ ಮೇಲೆ ಜ್ಯಾಕ್ ಹೇಳಿರುತ್ತಾನೆ. ಅವನು ಹೇಳಿದ್ದನ್ನೆಲ್ಲ ಅವಳು ಒಬ್ಬಳೇ ಮಾಡಿದ್ದಾಳೆ. ನಾಲ್ಕು ದಿನದ ಪ್ರೀತಿಗೆ ಇಷ್ಟೊಂದಾ ಅಂತ ಕೇಳುವವರು ಈ ಫೋಟೋಗಳನ್ನು ನಿಲ್ಲಿಸಿ ನೋಡಬೇಕು. ಕ್ಯಾಮೆರಾ ಬೇಗ ದಾಟಿಹೋಗುತ್ತದೆ, ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಮುಂದಿನ ಸೀನಿನಲ್ಲಿ ಮೆಟ್ಟಿಲ ಮೇಲಿನ ಗಡಿಯಾರವನ್ನೂ ನೋಡಿ, 2 ಗಂಟೆ 20 ನಿಮಿಷ ತೋರಿಸುತ್ತದೆ, ಹಡಗು ಮುಳುಗಿದ ಹೊತ್ತು. ಅಜ್ಜಿ ನಿದ್ದೆಯಲ್ಲಿದ್ದಾಳೋ ತೀರಿಕೊಂಡಳೋ ಅನ್ನುವ ಬಗ್ಗೆ ಏನೇ ಬರೆದರೂ ಆ ಗಡಿಯಾರವನ್ನು ಸೇರಿಸಿ ಬರೆಯಿರಿ.

ಆಸ್ಕರ್, ದುಡ್ಡು, ಸ್ಟಾರ್

14 ನಾಮನಿರ್ದೇಶನ, 11 ಆಸ್ಕರ್. ಅಮೆರಿಕದಲ್ಲಿ ಸತತ 15 ವಾರ ಗಳಿಕೆಯಲ್ಲಿ ಮೊದಲ ಸ್ಥಾನ. ನೂರು ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ. ಇದನ್ನೆಲ್ಲ ಬೇಕಾದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ನಿಮಗೆ ಇಷ್ಟವಾಯಿತೋ ಇಲ್ಲವೋ ಅನ್ನುವುದಕ್ಕೆ ಇದು ಸಾಕ್ಷಿ ಅಲ್ಲ. ಡೈಲಾಗ್ ಸಪ್ಪೆ ಅನ್ನುವವರಿಗೆ ಮಾತ್ರ ಇಲ್ಲಿ ಒಂದು ಬಲ ಇದೆ: ಆ 14ರಲ್ಲಿ ಚಿತ್ರಕಥೆಗೆ ನಾಮನಿರ್ದೇಶನವೇ ಇರಲಿಲ್ಲ.

ಇನ್ನೂ ನೋಡದ ಚಿಕ್ಕವರು ಮನೆಯಲ್ಲಿ ಇರುತ್ತಾರೆ, ಅವರೂ ಓದುತ್ತಾರೆ. ಹಡಗು ಮುಳುಗುತ್ತದೆ ಅಂತ ಎಲ್ಲರಿಗೂ ಗೊತ್ತು, ಜ್ಯಾಕ್ ವಿಷಯ ಗೊತ್ತಿರಲೇಬೇಕೆಂದಿಲ್ಲ. ಮೇಲೊಂದು ಎಚ್ಚರಿಕೆ ಹಾಕಿ.

ಕೊನೆಗೆ ಸ್ಟಾರ್ ಕೊಡುವುದಾದರೆ, ಕಡಿಮೆ ಮಾಡಿದ್ದು ಯಾಕೆ ಅಂತ ಒಂದು ಸೀನ್ ತೋರಿಸಿ ಹೇಳಿ. ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹೋಗಿದ್ದು, ರೋಸ್‌ಗೆ ನಿಶ್ಚಯವಾಗಿದ್ದ ಶ್ರೀಮಂತ ಗಂಡು ಕ್ಯಾಲ್ ಪಿಸ್ತೂಲು ಹಿಡಿದು ಜ್ಯಾಕ್, ರೋಸ್ ಇಬ್ಬರನ್ನೂ ಮೆಟ್ಟಿಲಿಳಿದು, ನೀರು ತುಂಬಿದ ಊಟದ ಹಾಲ್‌ವರೆಗೆ ಅಟ್ಟಿಸಿಕೊಂಡು ಹೋಗುವ ಸೀನಿಗೆ. ಹಡಗೇ ಮುಳುಗುತ್ತಿರುವಾಗ ಹೆದರಿಸಲು ಇನ್ನೊಂದು ಪಿಸ್ತೂಲು ಬೇಕಿರಲಿಲ್ಲ.